ಒಗೆಯುವ ಕಲ್ಲಿನ ಕೆಳಗೆ

ನನ್ನದು ಝೆರಾಕ್ಸ್ ಅಂಗಡಿ. ಗದಗ ಜಿಲ್ಲೆಯ ಒಂದು ಸಣ್ಣ ಊರಿನ ಬಸ್ ಸ್ಟ್ಯಾಂಡ್ ಎದುರಿಗಿದೆ. ಊರಿನ ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಪಹಣಿ, ಆಧಾರ್, ಮದುವೆ ಕಾರ್ಡು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುವ ಅರ್ಜಿ, ಇಷ್ಟೇ ನನ್ನ ದಿನ. ಪಿಯುಸಿಯಲ್ಲಿ ನನಗೆ ಕೈ ಕೊಟ್ಟ ವಿಷಯವೇ ಇತಿಹಾಸ. ಆದರೂ ಊರಿನ ಹಳೆಯ ಕಲ್ಲು, ಕಾಗದ, ನೆನಪು ಉಳಿಸಬೇಕು ಅಂತ ಹುಟ್ಟಿದ ಬಳಗಕ್ಕೆ ಆರು ವರ್ಷದಿಂದ ನಾನೇ ಕಾರ್ಯದರ್ಶಿ. ಯಾಕೆಂದರೆ ಊರಲ್ಲಿ ಸ್ಕ್ಯಾನರ್ ಇದ್ದದ್ದು ನನ್ನ ಹತ್ತಿರ ಮಾತ್ರ.

ಎಲ್ಲಾ ಶುರುವಾದದ್ದು ಒಂದು ಒಗೆಯುವ ಕಲ್ಲಿನಿಂದ.

ನಮ್ಮ ಓಣಿಯ ಹಿಂದೆ ಒಂದು ಹಳೆ ಬಾವಿ ಇದೆ. ನಲ್ಲಿ ಬಂದ ಮೇಲೆ ಬಾವಿ ಹಾಳು ಬಿತ್ತು, ಬಟ್ಟೆ ಒಗೆಯುವ ಕಲ್ಲು ಮಾತ್ರ ಕಟ್ಟೆಯ ಪಕ್ಕ ಹಾಗೇ ಇತ್ತು. ಚರಂಡಿ ಕೆಲಸಕ್ಕೆ ಬಂದ ಜೆಸಿಬಿಯ ಬಕೆಟ್ ತಗುಲಿ ಅದು ಮಗುಚಿ ಬಿತ್ತು. ನೋಡಿದರೆ ಕೆಳಗಿನ ಮುಖದ ತುಂಬಾ ಅಕ್ಷರ. ತಲೆಯ ಕಡೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಸಂಜೆ ಐದಕ್ಕೆ ಸುದ್ದಿ ಹಬ್ಬಿತು: ನಿಧಿ ಕಲ್ಲು ಸಿಕ್ಕಿದೆಯಂತೆ. ಮರುದಿನ ಬೆಳಗ್ಗೆ ಹೋದರೆ ಬಾವಿಯ ಸುತ್ತ ಮೂರು ಗುಂಡಿ, ಕತ್ತರಿಸಿದ ನಿಂಬೆಹಣ್ಣು, ಕುಂಕುಮ.

ನಮ್ಮ ಕಡೆ ಇದೊಂದು ದೊಡ್ಡ ಪೀಡೆ. ಸೂರ್ಯ ಚಂದ್ರ ಕೆತ್ತಿದ ಕಲ್ಲು ಕಂಡರೆ ಅದು ಬಂಗಾರದ ನಕಾಶೆ ಅಂತ ತಿಳಿಯುವ ಜನ ಇದ್ದಾರೆ. ಅದು ದಾನದ ಗುರುತು. ಸೂರ್ಯ ಚಂದ್ರ ಇರುವವರೆಗೂ ಈ ದಾನ ನಡೆಯಲಿ, ಶಾಸನದ ಮಾತಲ್ಲಿ ಆಚಂದ್ರಾರ್ಕ, ಅಂತ ಅರ್ಥ. ಅದು ನನಗೂ ಆಗ ಗೊತ್ತಿರಲಿಲ್ಲ. ಆ ಮೂರು ಗುಂಡಿ ನೋಡಿ ಸಿಟ್ಟು ಬಂದಿತ್ತು, ಅಷ್ಟೇ. ಅಂದು ರಾತ್ರಿ ನನ್ನ ಅಂಗಡಿಯಲ್ಲಿ ಗಿರ್ಮಿಟ್ ತಿನ್ನುತ್ತಾ ಕೂತವರು ನಾಲ್ಕು ಜನ. ಕಲ್ಲನ್ನು ಮೊದಲು ಸರಿಸಿ ಇಡಬೇಕು, ಆಮೇಲೆ ಅದರಲ್ಲಿ ಏನಿದೆ ಅಂತ ಓದಿಸಬೇಕು ಅಂತ ಮಾತಾಯಿತು.

ಸಂಘ ನೋಂದಣಿ ಮಾಡೋಣ ಅಂದವರು ನಿವೃತ್ತ ಬಸ್ ಕಂಡಕ್ಟರು. ಸುಮ್ನೆ ನಾಲ್ಕು ಜನ ಹೋಗಿ ಕಲ್ಲು ಎತ್ತಿದರೆ ನಮ್ಮನ್ನೇ ಕಳ್ಳರು ಅಂತಾರೆ ಅನ್ನುವುದು ಅವರ ವಾದ. ಅದೂ ಸರಿಯೇ ಅಲ್ವಾ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು. ಮೂವರನ್ನು ಹುಡುಕಿದೆವು: ಬಳೆ ಅಂಗಡಿಯ ಅಕ್ಕ, ಬಿಎ ಓದುವ ಒಬ್ಬ ಹುಡುಗಿ, ನೆಲದೊಳಗಿನ ಹಗೇವಿನಲ್ಲಿ ಕಾಳು ತುಂಬಿಡುತ್ತಿದ್ದ ಕಾಲದ ಕಥೆ ಹೇಳುವ ಒಬ್ಬ ರೈತ. ನಿಯಮಾವಳಿ ಟೈಪ್ ಮಾಡುವ ಕೆಲಸ ನನ್ನದು. ಹೊಸದಾಗಿ ಯಾಕೆ ಬರೆಯಬೇಕು ಅಂತ ಕಂಪ್ಯೂಟರಿನಲ್ಲಿದ್ದ ಒಂದು ಮಹಿಳಾ ಮಂಡಳದ ನಿಯಮಾವಳಿಯನ್ನೇ ಕಾಪಿ ಹೊಡೆದು ಹೆಸರು ಬದಲಿಸಿದೆ. ಅರ್ಜಿ ಎರಡು ಸಲ ವಾಪಸ್ ಬಂತು, ಎರಡೂ ಸಲ ತಪ್ಪು ನಮ್ಮದೇ. ಒಬ್ಬರು ಒಂದು ಹಾಳೆಯಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದರು. ಎರಡನೇ ಸಲ ಕಚೇರಿಯ ವಿಳಾಸಕ್ಕೆ ದಾಖಲೆ ಇಟ್ಟಿರಲಿಲ್ಲ. ಮೂರನೇ ಸಲ ಪಾಸಾಯಿತು. ಸರ್ಟಿಫಿಕೇಟ್ ಬಂದ ಮೇಲೆ ಓದಿ ನೋಡಿದರೆ ನಮ್ಮ ಇತಿಹಾಸ ಬಳಗದ ನಾಲ್ಕನೇ ಉದ್ದೇಶ ‘ಸದಸ್ಯರಿಗೆ ಹೊಲಿಗೆ ತರಬೇತಿ ನೀಡುವುದು’. ತಿದ್ದುಪಡಿ ಮಾಡಿಸಲು ಮತ್ತೆ ಸಭೆ, ಮತ್ತೆ ಠರಾವು. ಇನ್ನೂ ಹಾಗೇ ಇದೆ. ಪ್ರತಿ ವರ್ಷದ ಸಭೆಯಲ್ಲಿ ಬಳೆ ಅಂಗಡಿ ಅಕ್ಕ ಕೇಳುತ್ತಾರೆ, “ಹೊಲಿಗಿ ಮಶೀನ್ ಯಾವಾಗ ತರಸ್ತೀರಿ?”

ಇನ್ನು ಕಲ್ಲಿನ ಕಥೆ.

ಪುರಸಭೆಯವರ ಒಪ್ಪಿಗೆ ತಗೊಂಡು, ಹಗ್ಗ, ಬಿದಿರು, ಹನ್ನೆರಡು ಜನ ಸೇರಿ ಕಲ್ಲನ್ನು ಹನುಮಪ್ಪನ ಗುಡಿಯ ಪೌಳಿಯೊಳಗೆ ತಂದು ಒರಗಿಸಿದೆವು. ಅಕ್ಷರದ ಸಂದಿಯಲ್ಲೆಲ್ಲ ಸೋಪಿನ ನೀರಿಳಿದು ಗಟ್ಟಿಯಾದ ಮಣ್ಣು. ಒಬ್ಬ ಹುಡುಗ ಉತ್ಸಾಹದಿಂದ ತಂತಿ ಬ್ರಷ್ ತಂದು ಒಂದು ಮೂಲೆ ಉಜ್ಜಿಯೇ ಬಿಟ್ಟ. ಆ ಗೀರು ಈಗಲೂ ಇದೆ. ನಮ್ಮ ಭಾಗದ ಆ ಕಾಲದ ಕಲ್ಲು ಬಹಳ ಸಲ ಬಳಪದ ಕಲ್ಲು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ್ದೂ ಇದೇ ಜಾತಿ. ಮೆದು ಇರುವುದರಿಂದಲೇ ಅಷ್ಟು ಸಣ್ಣ ಕುಸುರಿ ಕೆತ್ತಲು ಬಂದದ್ದು. ಅಷ್ಟೇ ಸುಲಭವಾಗಿ ಗೀರೂ ಬೀಳುತ್ತದೆ. ಬರೀ ನೀರು, ತೆಂಗಿನ ನಾರು, ಪ್ಲಾಸ್ಟಿಕ್ ಕೂದಲಿನ ಮೆತ್ತನೆ ಬ್ರಷ್, ಬಿದಿರು ಕಡ್ಡಿ, ಇಷ್ಟೇ ಬಳಸಬೇಕು. ಆಸಿಡ್ ಬೇಡ, ಸೀಮೆಸುಣ್ಣದಿಂದ ಅಕ್ಷರ ತುಂಬುವುದು ಬೇಡ, ಹಿಟ್ಟು ಮೆತ್ತುವುದೂ ಬೇಡ. ಇದನ್ನೆಲ್ಲ ಆಮೇಲೆ ಕಲಿತೆವು.

ಪಡಿಯಚ್ಚು ತೆಗೆಯಬೇಕು ಅಂತ ಹುಡುಗಿ ಎಲ್ಲೋ ವಿಡಿಯೋ ನೋಡಿ ಬಂದಳು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಮಸಿ ಒತ್ತಿ, ಅಕ್ಷರ ಇಳಿಸಿಕೊಳ್ಳುವುದು. ಕೇಳಲು ಸುಲಭ. ಅಂಗಡಿಯಲ್ಲಿದ್ದ ತೆಳು ಕಾಗದ, ದೀಪದ ಕಾಡಿಗೆ, ಅಂಟು ತಗೊಂಡು ಹೋದೆ. ಕಾಗದ ಇನ್ನೂ ಹಸಿ ಇರುವಾಗಲೇ ಮಸಿ ಹಚ್ಚಿದೆವು. ಮಸಿ ಕಾಗದ ದಾಟಿ ಕಲ್ಲಿಗೇ ಇಳಿಯಿತು. ಗಾಳಿ ಬಂದು ಕಾಗದ ಎರಡು ಹೋಳಾಯಿತು. ಗುಡಿಯ ಪೂಜಾರಿ ಬಂದು ನೋಡಿ, “ಓದ್ತೀನಿ ಅಂತ ತಂದು ಅದರ ಮುಖಕ್ಕ ಮಸಿ ಬಳದ್ರಲ್ರೀ” ಅಂದರು. ಬಯ್ದದ್ದು ಸರಿಯಾಗಿಯೇ ಇತ್ತು.

ಕೊನೆಗೆ ಧಾರವಾಡಕ್ಕೆ ಹೋದೆವು. ಇಂಥ ಕೆಲಸಕ್ಕೆ ನಮ್ಮ ಜನ ಧಾರವಾಡದ ಬಸ್ಸೇ ಹತ್ತುವುದು. ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ ಊರು ಅದು, ಕನ್ನಡ ಸಂಶೋಧನ ಸಂಸ್ಥೆ ಇರುವುದೂ ಅಲ್ಲೇ. ಯಾರದೋ ಪರಿಚಯ ಹಿಡಿದು ಒಬ್ಬ ನಿವೃತ್ತ ಪ್ರಾಧ್ಯಾಪಕರ ಮನೆ ಹುಡುಕಿಕೊಂಡು ಹೋದೆವು. ಪೇಡೆ ಒಯ್ದಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ. ಪೇಡೆ ನಾವೇ ತಿಂದೆವು, ಅವರು ಪಾಠ ಮಾಡಿದರು.

ಅವರು ಹೇಳಿಕೊಟ್ಟ ಕ್ರಮ ಹೀಗೆ. ಕಲ್ಲನ್ನು ತೊಳೆದು ಒದ್ದೆಯಾಗಿಯೇ ಇಡಬೇಕು. ಉದ್ದ ನಾರಿನ ಗಟ್ಟಿ ಕಾಗದವನ್ನು ನೀರಲ್ಲಿ ನೆನೆಸಿ, ಮೇಲಿನಿಂದ ಕೆಳಕ್ಕೆ ಗಾಳಿ ಗುಳ್ಳೆ ಬರದಂತೆ ಹಾಸಬೇಕು. ಆಮೇಲೆ ದಪ್ಪ ಕೂದಲಿನ ಬ್ರಷ್‌ನಿಂದ ಬಡಿಯಬೇಕು. ಒಂದೇ ಸಮ, ಒಂದೇ ಜೋರು. ಬಡಿದ ಹಾಗೆ ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ. ಹರಿದಲ್ಲಿ ಸಣ್ಣ ತುಂಡು ಅಂಟಿಸಬೇಕು. ಈಗ ಕಾಯಬೇಕು, ನಾವು ತಪ್ಪಿದ್ದು ಇಲ್ಲೇ. ಕಾಗದ ಮುಕ್ಕಾಲು ಒಣಗಿ, ಕೈಗೆ ತಂಪು ಹತ್ತಬೇಕು, ತೇವ ಹತ್ತಬಾರದು. ಆಗ ಅರಳೆ ತುಂಬಿದ ಬಟ್ಟೆಯ ಗುಂಡಿಗೆ ಮಸಿ ಹಚ್ಚಿ, ಮೊದಲು ಒಂದು ತಟ್ಟೆಯ ಮೇಲೆ ಒತ್ತಿ ಹೆಚ್ಚಿನ ಮಸಿ ತೆಗೆದು, ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಮಸಿ ಉಬ್ಬಿದ ಜಾಗಕ್ಕೆ ಹತ್ತುತ್ತದೆ, ಅಕ್ಷರದ ಕುಳಿ ಬೆಳ್ಳಗೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸಿಪ್ಪೆ ಸುಲಿದ ಹಾಗೆ ಬಿಡಿಸಿ ತೆಗೆಯಬೇಕು. ಸರಕಾರ ಸಂರಕ್ಷಿಸಿದ ಸ್ಮಾರಕವಾದರೆ ಅನುಮತಿ ಇಲ್ಲದೆ ಇದ್ಯಾವುದನ್ನೂ ಮಾಡುವಂತಿಲ್ಲ ಅಂತ ಎರಡೆರಡು ಸಲ ಹೇಳಿದರು.

“ಇಷ್ಟೆಲ್ಲ ಆಗದಿದ್ದರ ಒಂದು ಬ್ಯಾಟರಿ ತಗೊಂಡು ರಾತ್ರಿ ಹೋಗ್ರಿ” ಅಂತಲೂ ಅಂದರು. ಅದು ಎಲ್ಲದಕ್ಕಿಂತ ಉಪಯೋಗದ ಮಾತಾಯಿತು. ಕತ್ತಲಲ್ಲಿ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ, ಬಹುತೇಕ ತಾಗುವಷ್ಟು ಹತ್ತಿರ ಅಡ್ಡ ಹಿಡಿದರೆ ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ. ಹಗಲಲ್ಲಿ ಬೋಳು ಅನ್ನಿಸಿದ ಜಾಗದಿಂದ ಸಾಲು ಸಾಲು ಎದ್ದು ಬರುತ್ತದೆ. ಮೊದಲ ರಾತ್ರಿ ಅದನ್ನು ನೋಡಿದಾಗ ಕಂಡಕ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಾಲ್ಕು ಕಡೆಯಿಂದ ಬೆಳಕು ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದೆವು. ಎರಡನೇ ಪಡಿಯಚ್ಚೂ ಚೆನ್ನಾಗಿ ಬಂತು. ಸುರುಳಿ ಸುತ್ತಿಕೊಂಡು ಮತ್ತೆ ಧಾರವಾಡದ ಬಸ್ಸು.

ಅವರು ಓದುವುದನ್ನು ನೋಡುವುದೇ ಒಂದು ಚೆಂದ. ಸ್ವಸ್ತಿ ಸಮಸ್ತ ಭುವನಾಶ್ರಯ ಅಂತ ಶುರುವಾಗುವ ರಾಜನ ಬಿರುದುಗಳನ್ನು ಕಣ್ಣೆತ್ತದೆ ದಾಟಿದರು. ಅದು ಕಲ್ಯಾಣ ಚಾಳುಕ್ಯರ ಶಾಸನಗಳಲ್ಲೆಲ್ಲ ಇರುವ ಮಾಮೂಲಿ ಮಾತಂತೆ, ನಮ್ಮ ಅರ್ಜಿಯ ‘ಮಾನ್ಯರೇ’ ಇದ್ದ ಹಾಗೆ. ಆರನೇ ವಿಕ್ರಮಾದಿತ್ಯನ ಕಾಲದ್ದು ಅಂದರು. ಆ ರಾಜ 1076ರಲ್ಲಿ ಪಟ್ಟಕ್ಕೆ ಬಂದು ಶಕ ವರ್ಷದ ಬದಲು ತನ್ನದೇ ವರ್ಷದ ಎಣಿಕೆ ಶುರು ಮಾಡಿದ, ಅದೇ ಚಾಳುಕ್ಯ ವಿಕ್ರಮ ವರ್ಷ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಎರಡನ್ನೂ ತಾಳೆ ನೋಡಬಹುದು. ನನಗೆ ಅರ್ಥವಾಗಲಿ ಅಂತ ಒಂದು ಲೆಕ್ಕ ಹೇಳಿದರು. ನಮ್ಮ ಜಿಲ್ಲೆಯ ಮುಳಗುಂದದ ನಯಸೇನ ಧರ್ಮಾಮೃತ ಬರೆದದ್ದು 1112ರಲ್ಲಿ. ಅದು ವಿಕ್ರಮ ವರ್ಷ 37, ನಂದನ ಸಂವತ್ಸರ. 2012ರ ಯುಗಾದಿಗೆ ಬಂದದ್ದೂ ನಂದನವೇ. 900 ವರ್ಷ, ಸರಿಯಾಗಿ 15 ಸುತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ಹಿಡಿದು ಅಷ್ಟು ದೂರ ಹೋಗಬಹುದು ಅಂತ ನನಗೆ ಅಂದೇ ತಿಳಿದದ್ದು.

ಕಲ್ಲಿನಲ್ಲಿದ್ದದ್ದು ಇಷ್ಟು. ಊರಿನ ತೆಲ್ಲಿಗರು, ಅಂದರೆ ಗಾಣದವರು, ದೇವರ ನಂದಾದೀವಿಗೆಗೆ ಒಂದೊಂದು ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ ಕೊಡಬೇಕು ಅಂತ ಮಾಡಿಕೊಂಡ ಕಟ್ಟು. ಜೊತೆಗೆ ಇಷ್ಟು ಮತ್ತರು ಭೂಮಿ, ಅದರ ಗಡಿ. ಯುದ್ಧ ಇಲ್ಲ, ರಾಣಿ ಇಲ್ಲ. ಊರ ಹೆಸರಿನ ಹಳೆಯ ರೂಪ ಇತ್ತು, ಅದರ ನಡುವೆ ಒಂದು ೞ. ಈಗ ಆ ಅಕ್ಷರ ಹೇಳಲು ನಮ್ಮೂರಲ್ಲಿ ಯಾರ ನಾಲಿಗೆಯೂ ಹೊರಳುವುದಿಲ್ಲ.

ಹೊಸ ಶಾಸನ ಸಿಕ್ಕಿತು, ಪೇಪರಿಗೆ ಕೊಡೋಣ ಅಂತ ನಾನು ಮನಸ್ಸಿನಲ್ಲೇ ಶೀರ್ಷಿಕೆ ಕಟ್ಟುತ್ತಿದ್ದೆ. ಪ್ರಾಧ್ಯಾಪಕರು ಸುಮ್ಮನೆ ಎದ್ದು ಒಳಗೆ ಹೋಗಿ ದಪ್ಪದೊಂದು ಸಂಪುಟ ತಂದರು. ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ 11, 15, 18, 20ನೇ ಸಂಪುಟಗಳು ಬಾಂಬೆ ಕರ್ನಾಟಕದವು, ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯ ಕಲ್ಲುಗಳೆಲ್ಲ ಅಲ್ಲೇ. 1925ರ ಆಸುಪಾಸಿನಿಂದ ಶಾಸನ ಇಲಾಖೆಯವರು ಈ ಕಡೆ ಊರೂರು ತಿರುಗಿ ಅಚ್ಚು ತೆಗೆದುಕೊಂಡು ಹೋಗಿದ್ದರಂತೆ. ಪುಟ ತಿರುವಿ ಬೆರಳಿಟ್ಟರು. ನಮ್ಮದೇ ಕಲ್ಲು. ಸಾಲು ಸಾಲು, ಅಚ್ಚುಕಟ್ಟಾಗಿ ಮುದ್ರಣ.

ನನ್ನ ಮುಖ ಸಣ್ಣದಾದದ್ದು ಅವರಿಗೆ ಕಂಡಿರಬೇಕು. “ತಮ್ಮಾ, ಸಾಲು ಎಣಿಸು” ಅಂದರು. ಎಣಿಸಿದೆ. ಪುಸ್ತಕದಲ್ಲಿ ನಮ್ಮ ಕಲ್ಲಿಗಿಂತ ಆರು ಸಾಲು ಜಾಸ್ತಿ. ಕಲ್ಲು ಇದ್ದ ಜಾಗ ಅಂತ ಪುಸ್ತಕ ಹೇಳುವುದು ಈಶ್ವರ ಗುಡಿಯ ಮುಂದೆ. ಬಾವಿಯ ಮಾತೇ ಇಲ್ಲ. ಅಂದರೆ ಅಚ್ಚು ತೆಗೆದುಕೊಂಡು ಹೋದ ಮೇಲೆ ಯಾರೋ ಕಲ್ಲನ್ನು ಬಾವಿಗೆ ಎಳೆದು ತಂದಿದ್ದಾರೆ, ಕಟ್ಟೆಗೆ ಹೊಂದಲಿ ಅಂತ ಬುಡ ಕಡಿದಿದ್ದಾರೆ. ಹೋದ ಆ ಆರು ಸಾಲಿನಲ್ಲಿ ಏನಿತ್ತು ಗೊತ್ತೇ? ಶಾಪ. ಈ ಧರ್ಮವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು, ಅಂದರೆ ಕಪಿಲೆ ಆಕಳುಗಳನ್ನು, ಕೊಂದ ಪಾಪ ತಟ್ಟಲಿ ಅಂತ. ಕಡಿದವನು ಮೊದಲು ಶಾಪವನ್ನೇ ಕಡಿದು ಹಾಕಿದ್ದ.

ಬಸ್ಸಿನಲ್ಲಿ ವಾಪಸ್ ಬರುವಾಗ ಅಣ್ಣಿಗೇರಿ ದಾಟುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ಕೇಳಿದಳು, “ಪುಸ್ತಕದಾಗ ನಮ್ಮೂರಿನವು ಇನ್ನೂ ಎಷ್ಟು ಅದಾವ?” ನಾನು ಝೆರಾಕ್ಸ್ ಮಾಡಿಸಿ ತಂದಿದ್ದೆ (ಬೇರೆಯವರ ಅಂಗಡಿಯಲ್ಲಿ, ದುಡ್ಡು ಕೊಟ್ಟು, ಅದೂ ಒಂದು ನೋವು). ಅಂದಿನಿಂದ ನಮ್ಮ ಕೆಲಸ ಬೇರೆಯೇ ಆಯಿತು. ಹೊಸದು ಹುಡುಕುವ ಹುಚ್ಚು ಬಿಟ್ಟೆವು. ಓದಿದವರು ಓದಿ ಆಗಿದೆ. ಪುಸ್ತಕದಲ್ಲಿರುವ ಒಂದೊಂದು ಕಲ್ಲು ಇವತ್ತು ಎಲ್ಲಿದೆ, ಹೇಗಿದೆ, ಅದನ್ನು ನೋಡಿ ಬರೆಯುವವರು ಮಾತ್ರ ಯಾರೂ ಇರಲಿಲ್ಲ.

ಊರಲ್ಲಿ ಶಾಸನದ ಅರ್ಥ ಓದಿ ಹೇಳುವ ಒಂದು ಸಣ್ಣ ಸಭೆ ಮಾಡಿದೆವು. ನಾನು ಅಂದುಕೊಂಡದ್ದು, ಗಾಣಿಗರ ಓಣಿಯವರು ಹೆಮ್ಮೆಪಡುತ್ತಾರೆ ಅಂತ. ಅವರು ಬಂದರು ನಿಜ. ಹಿರಿಯರೊಬ್ಬರು ಪೂರ್ತಿ ಕೇಳಿ, “ಗಾಣಕ್ಕ ಒಂದು ಸೊಲ್ಲಗಿ ಅಂದ್ರ ಈಗಿನ ಲೆಕ್ಕದಾಗ ಎಷ್ಟು?” ಅಂದರು. ಅಳತೆ ಊರಿಂದ ಊರಿಗೆ ಬೇರೆ ಇರುತ್ತಿತ್ತು ಅಂದೆ. “ಹಂಗಾದ್ರ ದಿನಕ್ಕೋ, ವಾರಕ್ಕೋ?” ಅದೂ ಆ ಸಾಲಿನಲ್ಲಿ ಸ್ಪಷ್ಟ ಇರಲಿಲ್ಲ. “ಅಳತಿ ಗೊತ್ತಿಲ್ಲದ ಲೆಕ್ಕ ಎಂಥಾ ಲೆಕ್ಕ” ಅಂತ ತಲೆ ಅಲ್ಲಾಡಿಸಿದರು. ಉಳಿದ ಓಣಿಯವರ ಪ್ರಶ್ನೆ ಒಂದೇ: ನಮ್ಮವರ ಹೆಸರು ಐತೇನ್ರೀ? ಇಲ್ಲ ಅಂದರೆ ಮುಖ ತಿರುಗಿಸಿ ಹೋದರು. ಒಬ್ಬರಂತೂ ಇದೆ ಅಂತಲೇ ಬರೆದುಬಿಡಿ, ಯಾರು ಓದಿ ನೋಡ್ತಾರೆ ಅಂದರು. ಈ ಕೆಲಸದಲ್ಲಿ ನಿಧಿ ಅಗೆಯುವವರಿಗಿಂತ ನನಗೆ ಹೆಚ್ಚು ಭಯ ಇವರದೇ. ಅವರು ಗುಂಡಿ ತೋಡಿ ಹೋಗುತ್ತಾರೆ. ಇವರು ಇಲ್ಲದ್ದನ್ನು ಬರೆಸಿ ಹೋಗುತ್ತಾರೆ.

ಸಭೆ ಮುಗಿದ ಮೇಲೆ ಬಾವಿಯ ಪಕ್ಕದ ಮನೆಯ ಅಜ್ಜ ಹಿಂದೆ ಉಳಿದರು. ಕುರ್ಚಿ ಎತ್ತಿಡುತ್ತಿದ್ದ ನನ್ನ ಹತ್ತಿರ ಬಂದು, “ಕಡದಿದ್ದು ನಮ್ಮಪ್ಪ” ಅಂದರು. ಅವರಿಗಾಗ ಏಳೆಂಟು ವರ್ಷ. ಬಾವಿ ಕಟ್ಟೆ ಕಟ್ಟುವಾಗ ಕಲ್ಲು ಉದ್ದ ಆಯಿತಂತೆ. ಮುಖ ಕೆಳಗೆ ಮಾಡಿ ಹಾಕಿದ್ದು ಮಾತ್ರ ಅವರ ಅವ್ವನ ಮಾತಿಗೆ. ಅಕ್ಷರದ ಮೇಲೆ ಕೊಳೆ ಬಟ್ಟೆ ಬಡಿಯಬಾರದು, ಸರಸ್ವತಿ ಅಂದಿದ್ದಳಂತೆ. “ನಮ್ಮಪ್ಪಗ ಓದಾಕ ಬರ್ತಿರಲಿಲ್ಲ. ಅವ್ವಗೂ ಬರ್ತಿರಲಿಲ್ಲ.” ಇಷ್ಟು ಹೇಳಿ ಹೋದರು. ಮರುದಿನ ನೂರು ರೂಪಾಯಿ ಕೊಟ್ಟು ಸದಸ್ಯತ್ವದ ರಸೀದಿ ಬರೆಸಿಕೊಂಡರು.

ನಮ್ಮ ದಾಖಲೆ ಪುಸ್ತಕ ಒಂದು ಉದ್ದ ಲೆಕ್ಕದ ಬುಕ್ಕು. ಒಂದೊಂದು ಕಲ್ಲಿಗೆ ಒಂದು ನಂಬರು, ಒಂದು ಪುಟ. ಪುಸ್ತಕದಲ್ಲಿ ಓದಿದ್ದಿದ್ದರೆ ಅದರ ಸಂಖ್ಯೆ, ಎಲ್ಲಿದೆ, ಯಾರ ಜಾಗ, ನಿಂತಿದೆಯೋ ಮಲಗಿದೆಯೋ, ಕಳೆದ ಸಲಕ್ಕೂ ಈ ಸಲಕ್ಕೂ ಏನು ಬದಲು. ಫೋಟೋದಲ್ಲಿ ಪಕ್ಕಕ್ಕೆ ಶಾಲೆಯ ಸ್ಕೇಲು ಇಡುತ್ತೇವೆ, ಅಳತೆ ತಿಳಿಯಲಿ ಅಂತ. ಜಾಗದ ಗುರುತು ಮೊಬೈಲಿನಲ್ಲಿ ಹಿಡಿದು ಬುಕ್ಕಿನಲ್ಲಿ ಬರೆದಿಡುತ್ತೇವೆ, ಹೊರಗೆ ಎಲ್ಲೂ ಹಾಕುವುದಿಲ್ಲ. ಬಾವಿ ಸುತ್ತಲಿನ ಮೂರು ಗುಂಡಿ ಮರೆತಿಲ್ಲ. ಊರಿನ ಹೆಸರು ಹೇಳದಿರುವುದೂ ಅದಕ್ಕೇ. ಈಗ 31 ಕಲ್ಲು ಆಗಿವೆ: ಶಾಸನ, ವೀರಗಲ್ಲು, ಸತಿ ಹೋದ ಹೆಂಗಸರ ನೆನಪಿನ ಎರಡು ಮಾಸ್ತಿಕಲ್ಲು, ದನಕ್ಕೆ ಮೇವು ಹಾಕುವ ಗ್ವಾದಲಿಯಾಗಿರುವ ಒಂದು ಬಾಗಿಲವಾಡದ ತುಂಡು. ಪುಸ್ತಕದಲ್ಲಿದ್ದು ಊರಲ್ಲಿ ಎಲ್ಲೂ ಸಿಗದವು ಎರಡು. ಅವುಗಳ ಪುಟವನ್ನು ಖಾಲಿ ಬಿಟ್ಟಿದ್ದೇವೆ.

ಒಂದು ಮಾಸ್ತಿಕಲ್ಲಿನ ಬಗ್ಗೆ ನಮ್ಮಲ್ಲೇ ದೊಡ್ಡ ಜಗಳ ಆಯಿತು. ಬಳೆ ತೊಟ್ಟ ಕೈ ಮೇಲೆತ್ತಿದ ಕಲ್ಲು. ಓಣಿಯ ಹೆಂಗಸರು ಅದಕ್ಕೆ ವರ್ಷಕ್ಕೊಮ್ಮೆ ಹಸಿರು, ಕೆಂಪು ಆಯಿಲ್ ಪೇಂಟ್ ಹಚ್ಚುತ್ತಾರೆ, ಉಡಿ ತುಂಬುತ್ತಾರೆ. ಪೇಂಟ್ ತೆಗೆಸಬೇಕು ಅಂತ ಹುಡುಗಿಯ ವಾದ. ಬಳೆ ಅಂಗಡಿ ಅಕ್ಕ ಒಪ್ಪಲಿಲ್ಲ. ಪೂಜೆ ಇದ್ದ ಕಲ್ಲು ಒಂದೂ ಚರಂಡಿಗೆ ಬಿದ್ದಿಲ್ಲ, ಬುಕ್ಕು ತೆಗೆದು ನೋಡ್ರಿ ಅಂದರು. ತೆಗೆದು ನೋಡಿದೆ, ಅವರು ಹೇಳಿದ್ದು ನಿಜ. ಪೇಂಟ್ ಹಾಗೇ ಬಿಟ್ಟೆವು. ಸುಣ್ಣ, ಕಾವಿಯನ್ನಾದರೂ ಹಚ್ಚಿ, ಆಯಿಲ್ ಪೇಂಟ್ ಬೇಡ ಅಂತ ಪ್ರತಿ ವರ್ಷ ಕೇಳಿಕೊಳ್ಳುತ್ತೇವೆ. ಪ್ರತಿ ವರ್ಷ ಹೂಂ ಅಂದು ಆಯಿಲ್ ಪೇಂಟೇ ಹಚ್ಚುತ್ತಾರೆ, ಮಳೆಗೆ ಹೋಗಲ್ಲ ಅಂತ.

ಕಾಗದದ ವಿಷಯದಲ್ಲಿ ನಾವು ಸೋತೆವು ಅಂತಲೇ ಹೇಳಬೇಕು. ಹಳೆ ವಾಡೆಯ ಮನೆಯವರೊಬ್ಬರು ಒಂದು ಟ್ರಂಕ್ ತುಂಬಾ ಮೋಡಿ ಲಿಪಿಯ, ಅಂದರೆ ಮರಾಠಿಯ ಹಳೆಯ ಕೂಡಕ್ಷರದ, ಕಾಗದ ಕೊಟ್ಟರು. 1818ರವರೆಗೆ ಈ ಭಾಗ ಪೇಶ್ವೆಯವರ ಕೈಯಲ್ಲಿತ್ತು, ಲೆಕ್ಕಪತ್ರ ಎಲ್ಲಾ ಮೋಡಿಯಲ್ಲೇ. ಆಮೇಲೂ ಎಷ್ಟೋ ವರ್ಷ ಕುಲಕರ್ಣಿಗಳ ದಫ್ತರದಲ್ಲಿ ಅದೇ ನಡೆಯಿತು. ನಾನು ಹಗಲು ಗಿರಾಕಿ ನೋಡಿ, ರಾತ್ರಿ ಕೂತು ನಲವತ್ತು ಹಾಳೆ ಸ್ಕ್ಯಾನ್ ಮಾಡಿದೆ. ಐದನೇ ದಿನ ಮನೆಯವರ ತಮ್ಮ ಬಂದು ಟ್ರಂಕ್ ಕೇಳಿದ. ಹೊಲದ ವ್ಯಾಜ್ಯ ಇದೆ, ಇದರಲ್ಲಿ ಏನಿದೆಯೋ ಯಾರಿಗೆ ಗೊತ್ತು ಅಂದ. ಕೊಟ್ಟೆ. ಸ್ಕ್ಯಾನ್ ಮಾಡಿದ್ದನ್ನೂ ಅಳಿಸು ಅಂದ. ಅವನ ಎದುರೇ ಅಳಿಸಿದೆ. ಕಾಪಿ ಒಂದು ಬೇರೆ ಇಟ್ಟುಕೊಳ್ಳಬಹುದಿತ್ತು ಅಂತ ಕಂಡಕ್ಟರು ಇವತ್ತಿಗೂ ಅನ್ನುತ್ತಾರೆ. ಇಟ್ಟುಕೊಂಡಿದ್ದರೆ ಮುಂದೆ ಊರಲ್ಲಿ ಯಾರು ನಮಗೆ ಟ್ರಂಕ್ ತೆಗೆದು ತೋರಿಸುತ್ತಾರೆ?

ವರ್ಷಕ್ಕೊಮ್ಮೆ, ಯುಗಾದಿ ಆದ ಮೇಲಿನ ಭಾನುವಾರ, ಬುಕ್ಕು ಹಿಡಿದು ಎಲ್ಲಾ ಕಲ್ಲು ನೋಡಿ ಬರುತ್ತೇವೆ. ಬೆಳಗ್ಗೆ ಆರಕ್ಕೆ ಹೊರಟರೆ ಬಿಸಿಲೇರುವುದರೊಳಗೆ ಮುಗಿಯುತ್ತದೆ, ನಡುವೆ ಒಂದು ಕಡೆ ಮಿರ್ಚಿ ಭಜಿ. ಕಳೆದ ವರ್ಷ 14ನೇ ಕಲ್ಲಿನ ಮನೆಯವರು ಮೊದಲೇ ಫೋನ್ ಮಾಡಿದ್ದರು. ಹಳೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದೇವೆ, ಕಲ್ಲನ್ನು ಪಾಯಕ್ಕೆ ಹಾಕಿಲ್ಲ ರೀ, ನೀವು ಹೇಳಿದ್ದು ನೆನಪಿಟ್ಟು ಕಂಪೌಂಡ್ ಗೋಡೆಗೆ ಕೂರಿಸಿದ್ದೇವೆ, ಅಕ್ಷರ ರಸ್ತೆಯ ಕಡೆಗೆ, ಬಂದು ನೋಡಿ ಅಂತ. ನಾವೇನೂ ಅವರಿಗೆ ಜೋರು ಮಾಡಿ ಹೇಳಿದ್ದಿಲ್ಲ. ಎರಡು ವರ್ಷದ ಹಿಂದೆ ಸ್ಕೇಲು ಇಟ್ಟು ಫೋಟೋ ತೆಗೆಯುವಾಗ ಅವರ ಮಗ ನಿಂತು ನೋಡಿದ್ದ, ಅಷ್ಟೇ.

ಹೋದೆವು. ಗೋಡೆ ಚೆನ್ನಾಗಿ ಬಂದಿತ್ತು. ಕಲ್ಲಿನ ಸುತ್ತ ಸಿಮೆಂಟಿನ ಅಂಚು ಕಟ್ಟಿ, ಮೇಲೆ ಒಂದು ಬಲ್ಬು ಸಹ ಹಾಕಿಸಿದ್ದರು. ಸೂರ್ಯ ಚಂದ್ರ ಕೆಳಗಿದ್ದರು. ಆಕಳು ಕಾಲು ಮೇಲೆ ಮಾಡಿಕೊಂಡು ಕರುವಿಗೆ ಹಾಲು ಕೊಡುತ್ತಿತ್ತು. ಯಜಮಾನರು ನಮ್ಮ ಮುಖವನ್ನೇ ನೋಡುತ್ತಿದ್ದರು. ಮೇಸ್ತ್ರಿ ಪಕ್ಕದಲ್ಲಿ ನಿಂತು ಕ್ಯೂರಿಂಗಿಗೆ ಪೈಪಿನಿಂದ ನೀರು ಬಿಡುತ್ತಿದ್ದ. ಹುಡುಗಿ ನನ್ನ ತೋಳು ಚಿವುಟಿದಳು.

“ಭಾಳ ಚಲೋ ಆಗೇತ್ರಿ” ಅಂದೆ.

ಬುಕ್ಕು ತೆಗೆದು ಬರೆದೆ: ಕಲ್ಲು 14. ಇದೆ. ಅಕ್ಷರ ಪೂರ್ತಿ ಕಾಣುತ್ತದೆ. ತಲೆಕೆಳಗಾಗಿದೆ, ಫೋಟೋ ತಿರುಗಿಸಿ ಓದಬೇಕು.